ಅಲುಗಾಡದೆ ಕೂತವಳು

ಕರಡಕ್ಕನಿಗೆ ಆ ಹೆಸರು ಬಂದದ್ದು ಅಚ್ಚುಕೂಟದಲ್ಲಿ. ಪುಸ್ತಕಗಳು ಅಚ್ಚಿಗೆ ಹೋಗುವ ಮುಂಚೆ ಅವುಗಳ ಕರಡು ತಿದ್ದುವುದು ಅವಳ ಕೆಲಸ. ಮೊದಮೊದಲು ಕರಡು ಅಕ್ಕ ಎನ್ನುತ್ತಿದ್ದವರು ಕೆಲಸದ ಅವಸರದಲ್ಲಿ ಕರಡಕ್ಕ ಮಾಡಿದರು. ಬೈಂಡಿಂಗ್ ವಿಭಾಗದ ತುಂಟನೊಬ್ಬ ಹಾಳೆಯ ಮೂಲೆಯಲ್ಲಿ ‘ಕರಡಿ ಅಕ್ಕನ ಗಮನಕ್ಕೆ’ ಎಂದು ಬರೆದು ಕಳಿಸಿದಾಗ ಅವಳೇನೂ ಸಿಟ್ಟಾಗಲಿಲ್ಲ. ಕೆಂಪು ಪೆನ್ನಿನಿಂದ ಗುಡಿಸು ಹೊಡೆದು, ಕೊಂಬು ಹಾಕಿ, ‘ಈಗ ಕೊಂಬು ಬಂದಿದೆ, ಹುಷಾರು’ ಎಂದು ಪಕ್ಕದಲ್ಲಿ ಬರೆದು ವಾಪಸ್ ಕಳಿಸಿದಳು.

ಆಗ ಕರಡು ತಿದ್ದುವುದು ಇಬ್ಬರ ಕೆಲಸವಾಗಿತ್ತು. ಜೊತೆಗಾರ್ತಿ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವಳು. ಕರಡಕ್ಕ ಅಚ್ಚಾದ ಹಾಳೆಯ ಮೇಲೆ ಬೆರಳು ಓಡಿಸುತ್ತ ಹೋಗುವಳು. ಜೊತೆಗಾರ್ತಿ ಮಾತನ್ನಷ್ಟೇ ಅಲ್ಲ, ಚಿಹ್ನೆಗಳನ್ನೂ ಓದಬೇಕು. “ಉದ್ಧರಣ ಶುರು, ಅಯ್ಯೋ, ಆಶ್ಚರ್ಯ, ನನ್ನನ್ನು ಬಿಟ್ಟು ಹೋಗುತ್ತೀಯಾ, ಪ್ರಶ್ನೆ, ಉದ್ಧರಣ ಮುಗೀತು.” ಎಂಥ ಕಣ್ಣೀರಿನ ಕಾದಂಬರಿಯಾದರೂ ಹೀಗೆ ಓದಿಸಿಕೊಂಡರೆ ಉಳಿಯುವುದು ನಗುವೇ. ಇಬ್ಬರೂ ಮೇಜಿನ ಮೇಲೆ ತಲೆಯಿಟ್ಟು ನಕ್ಕ ದಿನಗಳು ಬೇಕಾದಷ್ಟಿದ್ದವು.

ಜೊತೆಗಾರ್ತಿ ನಿವೃತ್ತಳಾಗಿ ದೂರದಲ್ಲಿದ್ದ ಮಗಳ ಮನೆಗೆ ಹೋದಳು. ಅಚ್ಚುಕೂಟದವರು ಕಚೇರಿಯನ್ನು ಚಿಕ್ಕದು ಮಾಡಿ, “ಇನ್ನು ಮನೇಲೇ ಕೂತು ಮಾಡಿ, ನಿಮಗೂ ಓಡಾಟ ತಪ್ಪುತ್ತೆ” ಎಂದರು. ಓಡಾಟ ತಪ್ಪಿತು. ಅದರ ಜೊತೆಗೆ ಮಾತೂ ತಪ್ಪಿತು. ಕೆಲಸ ಕಂಪ್ಯೂಟರಿಗೆ ಬರುತ್ತದೆ, ಅಲ್ಲಿಂದಲೇ ಹೋಗುತ್ತದೆ. ಕರಡಕ್ಕನ ಒಂದು ಕೋಣೆಯ ಮನೆಯಲ್ಲಿ ದಿನವಿಡೀ ಕೇಳುವ ಸದ್ದೆಂದರೆ ಕೀಲಿಮಣೆಯದ್ದು, ಮತ್ತೆ ಫ್ರಿಜ್ಜು ಆಗಾಗ ಮೈಮುರಿಯುವುದು. ಅವಳು ಮದುವೆಯಾದವಳಲ್ಲ. ಅದನ್ನು ಕೊರತೆಯೆಂದು ಎಂದೂ ಅಂದುಕೊಂಡವಳೂ ಅಲ್ಲ. ಆದರೆ ಒಂದು ಭಾನುವಾರ ತಮ್ಮ ಫೋನು ಮಾಡಿದಾಗ ಅವಳ ದನಿ ಗೊಗ್ಗರಾಗಿ, ಬೇರೆ ಯಾರದೋ ಎಂಬಂತೆ ಹೊರಬಂತು.

“ಏನಕ್ಕ, ನೆಗಡಿಯಾ?”

“ಹೂಂ, ಸ್ವಲ್ಪ” ಎಂದಳು. ನೆಗಡಿಯಲ್ಲ. ಶುಕ್ರವಾರದಿಂದ ಅವಳು ಬಾಯಿ ಬಿಟ್ಟಿದ್ದು ಅದೇ ಮೊದಲು.

ಕ್ಯಾಮೆರಾ ಬಂದದ್ದು ಆ ತಮ್ಮನಿಂದ. ಅವನು ಮನೆ ಬದಲಿಸುವಾಗ ಅವಳು ಸಾಮಾನು ಕಟ್ಟಲು ಹೋಗಿದ್ದಳು. “ಇದರ ಡಯಲ್ಲು ‘ಎಂ’ ಮೇಲೆ ಸಿಕ್ಕಿಹಾಕ್ಕೊಂಡಿದೆ. ಆಟೋಗೆ ತಿರುಗಲ್ಲ. ಎಲ್ಲಾ ನಾವೇ ಮಾಡ್ಕೋಬೇಕು, ಯಾರಿಗೆ ಬೇಕು? ಬಿಸಾಕಬೇಕು” ಎಂದ. “ಬಿಸಾಕೋದೇ ಆದ್ರೆ ನನ್ನ ಕಡೆ ಬಿಸಾಕು” ಎಂದಳು ಕರಡಕ್ಕ. ತನ್ನ ಮಾತಿಗೆ ತಾನೇ ಬೆರಗಾದಳು.

ಗ್ರಂಥಾಲಯದ ಮಹಡಿಯಲ್ಲಿ ಶನಿವಾರಗಳಂದು ತರಗತಿ ನಡೆಯುವುದನ್ನು ಬಾಗಿಲಿಗೆ ಅಂಟಿಸಿದ್ದ ನೋಟೀಸು ಹೇಳಿತು. ಅದರಲ್ಲಿ ‘ಛಾಯಗ್ರಹಣ’ ಎಂದಿತ್ತು. ಕರಡಕ್ಕ ಆಚೀಚೆ ನೋಡಿ, ಕೈಚೀಲದಿಂದ ಪೆನ್ಸಿಲ್ ತೆಗೆದು ‘ಯ’ಕ್ಕೆ ದೀರ್ಘ ಕೊಟ್ಟಳು. ಬೆನ್ನ ಹಿಂದೆ ಯಾರೋ ಕೆಮ್ಮಿದರು.

“ನಮ್ಮ ನೋಟೀಸಿಗೆ ದೀರ್ಘ ಎಳೆದವರು ನೀವೇನಾ? ಬನ್ನಿ, ಒಳಗೆ ಬನ್ನಿ. ನಮ್ಮ ಹತ್ರ ಇನ್ನೂ ಬೇಕಾದಷ್ಟು ತಪ್ಪಿವೆ.”

ಅವರೇ ಮೇಷ್ಟ್ರು. ಮದುವೆ ಮನೆಗಳಲ್ಲಿ ಫೋಟೋ ತೆಗೆದು ತೆಗೆದು, ಈಗ ಮಂಡಿ ನೋವಿನಿಂದ ಪಾಠ ಹೇಳಲು ಕುಳಿತವರು. ಅವರ ಪಾಠವೂ ಮದುವೆ ಮನೆಯ ಹರಟೆಯ ಹಾಗೇ ಇತ್ತು. “ಕೈಯಾರೆ ತೆಗೆಯೋದು ಅಂದ್ರೆ ಮೂರೇ ಮಾತು. ಕಣ್ಣು ಎಷ್ಟಗಲ ಬಿಡ್ತೀರಿ, ಎಷ್ಟು ಹೊತ್ತು ಬಿಡ್ತೀರಿ, ಕಂಡದ್ದನ್ನ ಎಷ್ಟು ಬೇಗ ನಂಬ್ತೀರಿ. ಮೊದಲನೇದು ರಂಧ್ರ, ಎರಡನೇದು ಷಟರಿನ ವೇಗ, ಮೂರನೇದು ಐಎಸ್‌ಒ. ತೀರಾ ಬೇಗ ನಂಬಿದ್ರೆ ಚಿತ್ರ ರವೆ ರವೆ ಆಗುತ್ತೆ. ಮನುಷ್ಯರ ವಿಷಯದಲ್ಲೂ ಅಷ್ಟೇ ಅನ್ನಿ.”

ಎರಡನೆಯ ಶನಿವಾರ ಅವಸರದ ಪಠ್ಯಪುಸ್ತಕವೊಂದು ಬಂದು ಅವಳಿಗೆ ತರಗತಿ ತಪ್ಪಿತು. ರಂಧ್ರದ ಪಾಠ ನಡೆದದ್ದು ಆವತ್ತೇ. ಮೂರನೆಯ ಶನಿವಾರ ಹೋದಾಗ ಮೇಷ್ಟ್ರು ಕೊನೆಯ ದಿನದ ಕೆಲಸ ಹೇಳುತ್ತಿದ್ದರು. ಪ್ರತಿಯೊಬ್ಬರೂ ಒಂದೊಂದು ಚಿತ್ರ ತರಬೇಕು, ಅದನ್ನು ಗ್ರಂಥಾಲಯದ ಮೆಟ್ಟಿಲ ಗೋಡೆಗೆ ಹಾಕುತ್ತಾರೆ.

“ಮರ ಬೇಡ, ಬೆಕ್ಕು ಬೇಡ, ಸೂರ್ಯ ಮುಳುಗೋದು ಖಂಡಿತ ಬೇಡ. ಮನುಷ್ಯರು ಬೇಕು. ಕದ್ದು ತೆಗೆಯೋ ಹಾಗಿಲ್ಲ. ಕೇಳಿ, ಒಪ್ಪಿಸಿ, ಎದುರಿಗೆ ಕೂರಿಸಿಕೊಂಡು ತೆಗೀರಿ.”

ಸುತ್ತ ಕುಳಿತವರು ಆಗಲೇ ಮಾತಾಡಿಕೊಳ್ಳತೊಡಗಿದ್ದರು. ಒಬ್ಬರು ಅಜ್ಜನನ್ನು ಕೂರಿಸುತ್ತೇನೆ ಎಂದರು, ಇನ್ನೊಬ್ಬರು ಹೆಂಡತಿ ಒಪ್ಪಿದರೆ ಗೆದ್ದೆ ಎಂದರು. ಕರಡಕ್ಕ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕುಳಿತಳು. ಷಟರು, ರಂಧ್ರ ಹೇಗಾದರೂ ಕಲಿತೇನು. ಎದುರಿಗೆ ಕೂರುವ ಒಬ್ಬ ಮನುಷ್ಯರನ್ನು ಎಲ್ಲಿಂದ ತರಲಿ?

ತಮ್ಮನನ್ನು ಕೇಳಿದಳು. “ನನ್ನ ಫೋಟೋನಾ? ಎಷ್ಟು ಬೇಕು? ಈಗಲೇ ಕಳಿಸ್ತೀನಿ ಇರು” ಎಂದ. ಐದು ನಿಮಿಷದಲ್ಲಿ ಫೋನಿಗೆ ಒಂದು ರಾಶಿ ಬಂತು, ಎಲ್ಲದರಲ್ಲೂ ಕಪ್ಪು ಕನ್ನಡಕ. ಬಂದು ಕೂರು ಎಂದರೆ, “ಈ ತಿಂಗಳು ಆಗಲ್ಲಕ್ಕ” ಎಂದ. ಸುಳ್ಳೇನಲ್ಲ, ಅವನಿಗೆ ನಿಜಕ್ಕೂ ಪುರಸೊತ್ತಿರಲಿಲ್ಲ.

ಕೆಳಮನೆಯ ಹೆಂಗಸಿನ ಬಾಗಿಲು ತಟ್ಟಿದಳು. ಬಾಗಿಲು ಅರ್ಧ ತೆರೆಯಿತು, ಒಳಗೆ ಕುಕ್ಕರು ಕೂಗುತ್ತಿತ್ತು.

“ನನ್ನ ಮುಖಾನಾ? ಅಯ್ಯೋ, ನಿಮ್ಮ ಕ್ಯಾಮೆರಾ ಒಡೆದೀತು! ಮುಂದಿನ ತಿಂಗಳು ಮಗಳು ಬರ್ತಾಳೆ, ಅವಳದ್ದು ತೆಗೀರಿ, ಚೆನ್ನಾಗಿ ಬೀಳ್ತಾಳೆ.” ಹಾಗೆ ಹೇಳಿದವಳು ಬಾಗಿಲು ಮುಚ್ಚಲಿಲ್ಲ. ಒಳಗೆ ಹೋಗಿ ಎರಡು ನಿಂಬೆಹಣ್ಣು ತಂದು ಕೈಗಿಟ್ಟಳು. “ನಿಮ್ಮ ಗಂಟಲು ಕಟ್ಟಿದೆ. ಬಿಸಿನೀರಿಗೆ ಹಿಂಡ್ಕೊಂಡು ಕುಡೀರಿ.”

ಕರಡಕ್ಕ ಮೇಲೆ ಬಂದು ನೀರು ಕಾಯಿಸಿದಳು. ಗಂಟಲು ಏಕೆ ಕಟ್ಟಿದೆಯೆಂದು ಹೇಳಿದ್ದರೆ ಆಕೆ ಒಳಗೆ ಕರೆಯುತ್ತಿದ್ದಳೇನೋ. ಹೇಳುವುದು ಹೇಗೆಂದು ಗೊತ್ತಾಗಲಿಲ್ಲ.

ಮನುಷ್ಯರು ಬೇಕಾದರೆ ಮನುಷ್ಯರಿರುವಲ್ಲಿಗೆ ಹೋಗಬೇಕಷ್ಟೆ. ಒಂದು ಸಂಜೆ ಅವಳು ರೈಲು ನಿಲ್ದಾಣಕ್ಕೆ ಹೋದಳು. ಕಚೇರಿ ಬಿಡುವ ಹೊತ್ತು, ಎತ್ತರದ ಹಜಾರದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಯಾರ ಮುಖ ನೋಡಿ ಕೇಳುವುದು? ನೋಡುವಷ್ಟರಲ್ಲಿ ಮುಖ ಮುಂದೆ ಹೋಗಿರುತ್ತಿತ್ತು. ಕೊನೆಗೆ, ಕೇಳುವುದು ಆಮೇಲಾಯಿತು, ಮೊದಲು ಹಜಾರವನ್ನೇ ತೆಗೆದು ಕೈ ಪಳಗಿಸಿಕೊಳ್ಳೋಣ ಎಂದು, ಕೆಟ್ಟುನಿಂತ ತೂಕದ ಯಂತ್ರದ ತಲೆಯ ಮೇಲೆ ಕ್ಯಾಮೆರಾ ಇಟ್ಟಳು.

ಹಜಾರದಲ್ಲಿ ಬೆಳಕು ಮಬ್ಬು. ಕಣ್ಣು ಅಗಲ ಬಿಡಬೇಕು. ರಂಧ್ರದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇಪ್ಪತ್ತೆರಡು, ಅದನ್ನೇ ಆರಿಸಿದಳು. ವೇಗ ಸೆಕೆಂಡಿನ ಕಾಲುಭಾಗ ಸಾಕು, ಕ್ಯಾಮೆರಾ ಅದನ್ನು ಬರಿಯ ನಾಲ್ಕು ಎಂದು ತೋರಿಸುತ್ತದೆ. ಚಕ್ರ ತಿರುಗಿಸುತ್ತ ಹೋದಾಗ ಪರದೆಯ ಮೇಲೆ ನಾಲ್ಕು ಕಾಣಿಸಿತು, ಅದರ ನೆತ್ತಿಯ ಪಕ್ಕದಲ್ಲಿ ಎರಡು ಪುಟ್ಟ ಗೀಟು. ಉದ್ಧರಣ ಚಿಹ್ನೆ! ಮುಗಿದದ್ದು ಇದೆ, ಶುರುವಾದದ್ದೇ ಇಲ್ಲ. ಕ್ಯಾಮೆರಾ ಮಾಡಿದವರಲ್ಲೂ ಕರಡು ನೋಡುವವರಿಲ್ಲವಲ್ಲ ಎಂದು ಕನಿಕರಪಟ್ಟು, ಆ ಗೀಟುಗಳನ್ನು ಮನಸ್ಸಿನಲ್ಲೇ ಹೊಡೆದುಹಾಕಿ, ಗುಂಡಿ ಒತ್ತಿದಳು.

ಕಟ್ ಎಂದಿತು. ಆಮೇಲೆ ಸುಮ್ಮನಾಯಿತು. ಕೆಟ್ಟೇಹೋಯಿತೆಂದು ಅವಳು ಕೈ ಚಾಚುವಷ್ಟರಲ್ಲಿ ಇನ್ನೊಂದು ಸಲ ಕಟ್ ಎಂದು, ಚಿತ್ರ ಬಂತು.

ಚಿತ್ರದಲ್ಲಿ ಹಜಾರ ಖಾಲಿಯಾಗಿತ್ತು.

ಅವಳು ತಲೆಯೆತ್ತಿ ನೋಡಿದಳು. ಜನ ಇದ್ದರು, ತಳ್ಳಾಡುತ್ತಿದ್ದರು, ಒಬ್ಬರ ಚೀಲ ಅವಳ ಮೊಣಕೈಗೆ ತಾಗಿಯೂ ಹೋಯಿತು. ಮತ್ತೆ ಚಿತ್ರ ನೋಡಿದಳು. ಕಂಬಗಳು, ಮಿರುಗುವ ನೆಲ, ಗಡಿಯಾರ, ಎಲ್ಲ ಕಡೆದಿಟ್ಟ ಹಾಗೆ ಸ್ಪಷ್ಟ. ಜನವಿದ್ದ ಕಡೆ ಒಲೆಯ ಹೊಗೆಯಂಥ ಏನೋ ನೆಲಕ್ಕಂಟಿ ಹರಿದಿತ್ತು. ಇಷ್ಟು ಜನರ ನಡುವೆ ನಿಂತೂ ಇಷ್ಟು ಖಾಲಿಯಾಗಿ ಕಾಣುವುದು ತನ್ನೊಬ್ಬಳ ಕಣ್ಣಿಗೆ ಮಾತ್ರ ಎಂದು ಅವಳು ತಿಳಿದಿದ್ದಳು. ಯಂತ್ರಕ್ಕೂ ಹಾಗೇ ಕಂಡಿತಲ್ಲ.

ಆಮೇಲೆ ಕಂಡಿತು. ಹಜಾರದ ಆ ತುದಿಯಲ್ಲಿ, ಸಾಮಾನು ಇಡುವ ಕೋಣೆಯ ಕಿಟಕಿಯ ಹಿಂದೆ, ಒಬ್ಬ ಹೆಂಗಸು ಕುಳಿತಿದ್ದಳು. ಗಲ್ಲಕ್ಕೆ ಕೈಕೊಟ್ಟು, ಕಣ್ಣು ತೆರೆದು, ನೇರ ಇತ್ತಲೇ ನೋಡುತ್ತ. ಇಡೀ ಹಜಾರದಲ್ಲಿ ಉಳಿದವಳು ಅವಳೊಬ್ಬಳೇ.

ಮುಂದಿನ ಶನಿವಾರ ಮೇಷ್ಟ್ರು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಸಂಖ್ಯೆಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

“ಎರಡು ಗೀಟು ಇದ್ರೆ ಪೂರಾ ಸೆಕೆಂಡು ಅಂತ ಅರ್ಥ. ನೀವು ನಾಲ್ಕು ಸೆಕೆಂಡು ಬಾಗಿಲು ತೆಗೆದಿಟ್ಟಿದ್ದೀರಿ.”

“ಅದು ಉದ್ಧರಣ ಚಿಹ್ನೆ ಅಲ್ವಾ?”

“ಕ್ಯಾಮೆರಾ ಯಾರ ಮಾತನ್ನ ಉದ್ಧರಿಸುತ್ತೆ, ಹೇಳಿ?” ಮೇಷ್ಟ್ರು ನಕ್ಕ ನಗೆಗೆ ತರಗತಿಯೂ ನಕ್ಕಿತು, ಅವಳೂ ನಕ್ಕಳು. “ರಂಧ್ರದ ಸಂಖ್ಯೆ ಇದೆಯಲ್ಲ, ಅದು ತಿರುಗಾಮುರುಗಾ. ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು. ಅಗಲ ಬಿಡ್ತೀನಿ ಅಂತ ನೀವು ಸೂಜಿಮೊನೆಯಷ್ಟು ಬಿಟ್ಟಿದ್ದೀರಿ. ಚಿಟಿಕೆ ಹೊಡೆದಷ್ಟು ಹೊತ್ತು ಅಂತ ಯುಗ ಕಳೆದಿದ್ದೀರಿ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಸರಿಯಾಗಿ ಕೂತಿವೆ. ಹೀಗಾಗೋದು ಜನ್ಮಕ್ಕೊಂದು ಸಲ. ಇನ್ನೊಂದು ಸಲ ನಂಬಬೇಡಿ.” ಅವರು ಕಿಟಕಿಯ ಹೆಂಗಸಿನ ಮೇಲೆ ಬೆರಳಿಟ್ಟರು. “ಓಡಾಡೋರು ಅಳಿಸಿಹೋಗ್ತಾರೆ, ಅಲುಗಾಡದವರು ಉಳೀತಾರೆ. ಇವರು ಯಾರು?”

“ಗೊತ್ತಿಲ್ಲ.”

“ಕೇಳಿ ಮತ್ತೆ.”

ಕೇಳಲು ಧೈರ್ಯ ಒಟ್ಟುಗೂಡಿದ್ದು ಮಂಗಳವಾರದ ಹೊತ್ತಿಗೆ. ಆ ಹೆಂಗಸನ್ನು ನಿಲ್ದಾಣದಲ್ಲೆಲ್ಲ ಟೋಕನಮ್ಮ ಎನ್ನುತ್ತಿದ್ದರು. ಪೆಟ್ಟಿಗೆ ಒಳಗಿಟ್ಟು ಹಿತ್ತಾಳೆಯ ಬಿಲ್ಲೆ ಕೊಡುವವಳು. ಕರಡಕ್ಕ ಕಿಟಕಿಯೊಳಗೆ ಕ್ಯಾಮೆರಾ ಚಾಚಿ ಚಿತ್ರ ತೋರಿಸಿದಳು. ಟೋಕನಮ್ಮ ನೋಡಿದವಳೇ ಗಾಬರಿಯಾಗಿ ದನಿ ತಗ್ಗಿಸಿದಳು.

“ರೀ, ಇದನ್ನ ಮೇಲಿನವರಿಗೆ ತೋರಿಸಿದ್ರಾ?”

“ಇಲ್ಲ. ಯಾಕೆ?”

“ನಾನು ನಿದ್ದೆ ಮಾಡ್ತಿದ್ದೀನಿ ಕಣ್ರೀ ಇಲ್ಲಿ!”

“ಕಣ್ಣು ಬಿಟ್ಟಿದೆಯಲ್ಲ.”

“ಕಣ್ಣು ಬಿಟ್ಕೊಂಡೇ ಮಾಡೋದು. ಮುಚ್ಕೊಂಡು ಮಾಡೋಕೆ ಯಾರಿಗೆ ಬರಲ್ಲ? ಈ ಕುರ್ಚಿ ಮೇಲೆ ಇಷ್ಟು ವರ್ಷ ಕೂತು ಕಲಿತ ವಿದ್ಯೆ ಇದೊಂದೇ.”

ಕರಡಕ್ಕ ತನಗೆ ಬೇಕಾದುದನ್ನು ಹೇಳಿದಳು. ತರಗತಿ, ಗೋಡೆ, ಎದುರಿಗೆ ಕೂರುವವರು ಯಾರೂ ಇಲ್ಲದ್ದು. ಕೊನೆಯದನ್ನು ಹೇಳುವಾಗ ಕಿಟಕಿಯ ಸರಳು ನೋಡುತ್ತ ಹೇಳಿದಳು.

“ಗೋಡೆಗೆ ಹಾಕೋದು ಸತ್ತವರ ಫೋಟೋನ” ಎಂದಳು ಟೋಕನಮ್ಮ. “ನನಗಿನ್ನೂ ರಜೆ ಬಾಕಿ ಇದೆ. ಬೇಡಪ್ಪ.”

ಅಲ್ಲಿಗೆ ಮುಗಿಯಿತು ಎಂದುಕೊಂಡು ತಿರುಗಿದವಳಿಗೆ ಹಿಂದಿನಿಂದ ಕೇಳಿಸಿತು. “ಫೋಟೋ ಬೇಡ ಅಂದೆ, ಹೋಗಿ ಅಂದ್ನಾ? ಅಭ್ಯಾಸ ಮಾಡಬೇಕಾದ್ರೆ ಈ ಪೆಟ್ಟಿಗೆಗಳದ್ದು ತೆಗೀರಿ. ಅವಕ್ಕೆ ನಾಚಿಕೆ ಇಲ್ಲ.” ಒಂದು ಸ್ಟೂಲನ್ನು ಕಾಲಲ್ಲೇ ಕಿಟಕಿಯ ಪಕ್ಕದ ಬಾಗಿಲಾಚೆ ತಳ್ಳಿದಳು.

ಅಂದಿನಿಂದ ಕರಡಕ್ಕ ಸಂಜೆ ಸಂಜೆ ಆ ಸ್ಟೂಲಿನ ಮೇಲೆ ಕುಳಿತಳು. ಕರಿ ಟ್ರಂಕಿನ ಚಿತ್ರ ತೆಗೆದರೆ ಕತ್ತಲೆಯ ಮುದ್ದೆ. ವೇಗ ಇಳಿಸಿದರೆ ಟ್ರಂಕಿನ ಬೀಗ ಕಂಡಿತು, ಆದರೆ ಪಕ್ಕದ ಬಿಳಿ ಚೀಲ ಸುಣ್ಣ ಬಳಿದ ಗೋಡೆಯಾಯಿತು. ಎರಡೂ ಕಾಣುವ ಜಾಗವೊಂದು ನಡುವೆ ಎಲ್ಲೋ ಇತ್ತು. ಅದನ್ನು ಹುಡುಕುತ್ತ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸುವುದರಲ್ಲಿ ಅವಳಿಗೆ ಸುಖ ಹತ್ತಿತು. ಟೋಕನಮ್ಮ ಬಂದವರ ಜೊತೆ ಬಾಯಿ ಮಾಡುತ್ತಲೇ ಇರುವಳು. “ಪಿಂಗಾಣಿ ಇದೆಯಾ? ಇಲ್ಲ ಅಂದ್ರೆ ಎಸೀತೀನಿ.” “ಇದೇನು ಹೆಣ ಇಟ್ಟಿದ್ದೀರಾ, ಇಷ್ಟು ಭಾರ?” ನಿದ್ದೆಯಲ್ಲಿ ಕಲ್ಲಾಗುವ ಹೆಂಗಸು ಎದ್ದಿರುವಾಗ ಗಾಳಿಪಟ. ಒಂದು ಕ್ಷಣ ಕೈ ನಿಲ್ಲದು.

ತರಗತಿ ಮುಗಿಯಲು ಇನ್ನೆರಡು ವಾರ ಉಳಿದಿತ್ತು. ಕರಡಕ್ಕ ಮತ್ತೆ ಕೇಳಲಿಲ್ಲ. ಬೇಡ ಎಂದವರನ್ನು ಎರಡನೆಯ ಸಲ ಕೇಳುವುದು ಅವಳ ಸ್ವಭಾವದಲ್ಲೇ ಇರಲಿಲ್ಲ. ಗೋಡೆಯ ಮೇಲೆ ತನ್ನ ಜಾಗ ಖಾಲಿ ಇರುವುದನ್ನು ಮನಸ್ಸಿನಲ್ಲೇ ನೋಡಿ ಒಗ್ಗಿಸಿಕೊಳ್ಳತೊಡಗಿದಳು.

ಒಂದು ಸಂಜೆ ಟೋಕನಮ್ಮ ಇದ್ದಕ್ಕಿದ್ದಂತೆ ಅವಳ ಕಡೆ ತಿರುಗಿದಳು.

“ಅಲ್ಲಾ, ದಿನಾ ಬಂದು ಪೆಟ್ಟಿಗೆಗಳದ್ದೇ ತೆಗೀತಾ ಇದ್ದೀರಲ್ಲ. ನಾನೇನು ಪೆಟ್ಟಿಗೆಗಿಂತ ಕಡೆಯಾ?”

“ನೀವೇ ಬೇಡ ಅಂದ್ರಿ.”

“ಒಂದು ಸಲ ಬೇಡ ಅಂದ್ರೆ ನಂಬಿಬಿಡೋದಾ? ಸರಿ, ತೆಗೀರಿ. ಆದ್ರೆ ಎದ್ದಿರೋವಾಗ ತೆಗೀಬೇಕು.”

ಮೊದಲ ಚಿತ್ರ ಕಪ್ಪಾಗಿ ಬಂತು. “ಇದು ನಾನಲ್ಲ, ಕರೆಂಟು ಹೋಗಿದೆ” ಎಂದಳು ಟೋಕನಮ್ಮ. ಎರಡನೆಯದಕ್ಕೆ ಕರಡಕ್ಕ ವೇಗ ತಗ್ಗಿಸಿದಳು. ಮಾತಿನ ಭರದಲ್ಲಿ ಟೋಕನಮ್ಮ ಆಚೀಚೆ ಹೊರಳಿ, ಚಿತ್ರದಲ್ಲಿ ಒಂದರೊಳಗೊಂದು ಮೂರು ತಲೆ ಮೂಡಿದ್ದವು. “ಮೂರು ತಲೆ ಬಂತು, ಸಂಬಳ ಮಾತ್ರ ಒಂದೇ ತಲೆಗೆ.”

“ಸ್ವಲ್ಪ ಅಲುಗಾಡದೆ ಕೂತ್ಕೊಳ್ಳಿ.”

“ಅಲುಗಾಡದೆ ಕೂತ್ರೆ ನಿದ್ದೆ ಬರುತ್ತೆ.”

ಕರಡಕ್ಕ ಕ್ಯಾಮೆರಾ ತೊಡೆಯ ಮೇಲಿಟ್ಟು ಯೋಚಿಸಿದಳು. ಈಕೆ ನಿಲ್ಲುವುದಿಲ್ಲ. ನಿಲ್ಲಿಸಿದರೆ ಈಕೆ ಈಕೆಯಾಗಿರುವುದಿಲ್ಲ. ಹಾಗಾದರೆ ಓಡಬೇಕಾದದ್ದು ನನ್ನ ಷಟರು. ಷಟರು ಓಡಿದರೆ ಬೆಳಕು ಸಾಲದು, ಅದಕ್ಕೆ ಕಣ್ಣು ಅಗಲ ಬಿಡಬೇಕು. ಅಗಲ ಎಂದರೆ ಸಣ್ಣ ಸಂಖ್ಯೆ, ನಾಲ್ಕು. ಆಗಲೂ ಸಾಲದಿದ್ದರೆ, ಬೇಗ ನಂಬಬೇಕು. ಐಎಸ್‌ಒ ಏರಿಸಿದಳು. ಚಿತ್ರ ಸ್ವಲ್ಪ ರವೆ ರವೆಯಾದೀತು. ಆಗಲಿ.

ಟೋಕನಮ್ಮ ಅಷ್ಟರಲ್ಲಿ ಬೇರೆ ಕಥೆ ಎತ್ತಿಕೊಂಡಿದ್ದಳು. “ಈ ಜನ ನೋಡಿ. ಬ್ಯಾಗು ಕೊಡ್ತಾರೆ, ಹೋಗ್ತಾ ಹಿಂತಿರುಗಿ ನೋಡ್ತಾರೆ. ನನ್ನನ್ನಲ್ಲ, ಬ್ಯಾಗನ್ನ. ಮೊನ್ನೆ ಒಬ್ಬರು ಬ್ಯಾಗಿಗೆ ಟಾಟಾ ಮಾಡಿದ್ರು ಕಣ್ರೀ, ಬ್ಯಾಗಿಗೆ! ನಾನು ಅದರ ಪಕ್ಕದಲ್ಲೇ ನಿಂತಿದ್ದೀನಿ. ಮನೇಲೂ ಹಾಗೇ. ಏಳು ಜನ ಇದ್ದೀವಿ. ನಾನು ಒಳಗೆ ಬಂದ್ರೆ ಎಲ್ಲರೂ ನೋಡೋದು ನನ್ನ ಕೈಲಿರೋ ಚೀಲಾನ. ಪಾಪ, ಕೆಟ್ಟವರಲ್ಲ. ಸುಮ್ನೆ ನೋಡಲ್ಲ, ಅಷ್ಟೇ.” ಹೇಳುತ್ತ, ಆ ಪ್ರಯಾಣಿಕ ಟಾಟಾ ಮಾಡಿದ್ದು ಹೇಗೆಂದು ಕೈಯೆತ್ತಿ ಬೆರಳು ಕುಣಿಸಿ ತೋರಿಸಿದಳು. ನಗುತ್ತಿದ್ದಳು, ಆದರೆ ಕಣ್ಣು ಅಷ್ಟಾಗಿ ನಗುತ್ತಿರಲಿಲ್ಲ.

ಕರಡಕ್ಕ ಗುಂಡಿ ಒತ್ತಿದಳು. ಒಂದೇ ಕಟ್.

ಪರದೆಯ ಮೇಲೆ ಎತ್ತಿದ ಕೈ ಇತ್ತು, ತೆರೆದ ಬಾಯಿ, ಬೆರಳಿಗೆ ಸಿಕ್ಕಿಸಿಕೊಂಡ ಬಿಲ್ಲೆಯ ದಾರ. ಮುಖ ಬೆಳ್ಳಗೂ ಆಗಿರಲಿಲ್ಲ, ಕಪ್ಪಗೂ ಆಗಿರಲಿಲ್ಲ. ಅವಳು ಹೇಗಿದ್ದಳೋ ಹಾಗಿತ್ತು. ಟೋಕನಮ್ಮ ಅದನ್ನು ಬಹಳ ಹೊತ್ತು ಹಿಡಿದು ನೋಡಿದಳು.

“ನಾನು ಹೀಗಿದ್ದೀನಾ?” ಎಂದಳು ಟೋಕನಮ್ಮ ಕೊನೆಗೆ. ಮತ್ತೆ, “ಬಿಡಿ, ಪರವಾಗಿಲ್ಲ.”

ಆ ಶನಿವಾರ ಮೇಷ್ಟ್ರು ಚಿತ್ರ ನೋಡಿ ತಲೆದೂಗಿದರು. ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು, ಚಿತ್ರದ ಕೆಳಗೆ ಅಂಟಿಸಲು. ಅದರಲ್ಲಿ ಒಂದೇ ಸಾಲು ಇತ್ತು, ‘ಇವರು ನಿಮಗೆ ಏನಾಗಬೇಕು?’ ಪಕ್ಕದವರು ‘ಅಜ್ಜ’ ಎಂದು ಬರೆದು ಪೆನ್ನು ಮುಚ್ಚಿದರು. ಕರಡಕ್ಕ ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಊರಿನವರೆಲ್ಲ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಅದು. ಅವಳ ಹತ್ತಿರ ಅದಕ್ಕಿದ್ದ ಉತ್ತರ ‘ಏನೂ ಆಗಬೇಕಿಲ್ಲ’ ಎಂಬುದೊಂದೇ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ಮುಖದ ಕೆಳಗೆ ಅದನ್ನು ಬರೆಯಲು ಕೈ ಬರಲಿಲ್ಲ.

ಮುಂದಿನ ಶುಕ್ರವಾರ ಚೀಟಿಯನ್ನು ಕಿಟಕಿಯೊಳಗೆ ಚಾಚಿದಳು. “ಏನಂತ ಬರೀಲಿ? ನಾಳೆ ಕೊಡಬೇಕು.”

ಟೋಕನಮ್ಮ ಕನ್ನಡಕ ಏರಿಸಿ ಓದಿದಳು. “ಏನಾಗಿದ್ದಾರೆ ಅಂತ ಕೇಳಿಲ್ಲವಲ್ಲ ಇವರು. ಏನಾಗಬೇಕು ಅಂತ ಕೇಳಿದ್ದಾರೆ.” ತಲೆಯೆತ್ತಿದಳು. “ಹೇಳಿ ಮತ್ತೆ. ನಾನು ನಿಮಗೆ ಏನಾಗಬೇಕು?”

ತಮಾಷೆಯೇ ಇರಬೇಕು. ಆದರೂ ಕರಡಕ್ಕ ಚೀಟಿಯನ್ನು ವಾಪಸ್ ತೆಗೆದುಕೊಂಡು ಆ ಸಾಲನ್ನು ಮತ್ತೆ ಓದಿದಳು. ಆ ಮಾತನ್ನು ಅವಳು ಎಷ್ಟೋ ಪುಸ್ತಕಗಳಲ್ಲಿ ನೋಡಿದ್ದಳು, ಕಾಗುಣಿತ ಸರಿಯಿದೆಯೆಂದು ದಾಟಿಬಿಟ್ಟಿದ್ದಳು. ಅದರೊಳಗೆ ಹೀಗೊಂದು ಬಾಗಿಲಿರುವುದು ಕಂಡಿರಲಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಯಾರೋ ಒಬ್ಬರು ಎರಡು ಸೂಟ್‌ಕೇಸು ತಂದು ನಡುವೆ ಇಟ್ಟರು. ಟೋಕನಮ್ಮ ಅವನ್ನೆತ್ತಲು ಬಾಗಿದಳು. ಕರಡಕ್ಕ ಬದಿಗೆ ಸರಿದು ಪೆನ್ಸಿಲಿನಲ್ಲಿ ‘ಪರಿಚಯ’ ಎಂದು ಬರೆದಳು. ಅಳಿಸಿದಳು.

“ಬರೆದಾಯ್ತಾ?” ಒಳಗಿನಿಂದ ದನಿ ಬಂತು.

“ಇಲ್ಲ.”

“ಹಾಗಾದ್ರೆ ಖಾಲಿ ಕೊಡಿ. ಅವರಿಗೇನು ಅಷ್ಟು ಅವಸರ?” ಬಿಲ್ಲೆ ಕೊಟ್ಟು, ಪ್ರಯಾಣಿಕರನ್ನು ಕಳಿಸಿ, ಟೋಕನಮ್ಮ ಕಿಟಕಿಗೆ ಮುಖ ತಂದಳು. “ನಿಮ್ಮ ತರಗತಿ ನಾಳೆಗೆ ಮುಗೀತು ಅಲ್ವಾ? ಇನ್ನು ಈ ಕಡೆ ಬರೋ ಕೆಲಸ ಇಲ್ಲ.”

“ಕೆಲಸ ಇಲ್ಲ” ಎಂದು ಒಪ್ಪಿಕೊಂಡಳು ಕರಡಕ್ಕ. ಹೇಳಿದ ಮೇಲೆ ಅದು ಎಷ್ಟು ನಿಜವೆಂದು ಹೆದರಿಕೆಯಾಯಿತು.

“ಬರೋದಾದ್ರೆ ಆ ಡಬ್ಬಿ ಮನೇಲಿಟ್ಟು ಬನ್ನಿ. ಅದು ಇದ್ರೆ ನೀವು ಮಾತಾಡಲ್ಲ, ನಾನೊಬ್ಬಳೇ ಬಡ್ಕೋಬೇಕು.”

ಮರುದಿನ ಚಿತ್ರ ಮೆಟ್ಟಿಲ ಗೋಡೆಗೆ ಏರಿತು. ಕೆಳಗಿನ ಚೀಟಿ ಖಾಲಿಯಿತ್ತು. ಮೇಷ್ಟ್ರು ಅದನ್ನು ನೋಡಿದರು, ಅಂಟು ಹಚ್ಚಿ, ಓರೆಯಾಗದಂತೆ ಒತ್ತಿ ಕೂರಿಸಿದರು.

ಸೋಮವಾರ ಸಂಜೆ ಕರಡಕ್ಕ ನಿಲ್ದಾಣಕ್ಕೆ ಹೋದಳು. ಕೈಯಲ್ಲಿ ಏನೂ ಇರಲಿಲ್ಲ. ತೋರಿಸಲು ಚಿತ್ರವಿಲ್ಲ, ಕೇಳಲು ಪ್ರಶ್ನೆಯಿಲ್ಲ, ಬಂದದ್ದೇಕೆ ಎಂದರೆ ಹೇಳಲು ನೆಪವಿಲ್ಲ. ಎರಡು ಸಲ ಕಂಬದ ಹಿಂದೆಯೇ ನಿಂತು, ಹಿಂದಕ್ಕೆ ಹೋಗೋಣವೇ ಎಂದು ಯೋಚಿಸಿದಳು. ಜನ ಅವಳನ್ನು ಬಳಸಿಕೊಂಡು ಹರಿದುಹೋಗುತ್ತಿದ್ದರು. ಕಿಟಕಿಯ ಹಿಂದೆ ಟೋಕನಮ್ಮ ಗಲ್ಲಕ್ಕೆ ಕೈಕೊಟ್ಟು, ಕಣ್ಣು ತೆರೆದು ಕುಳಿತಿದ್ದಳು. ನಿದ್ದೆಯೋ ಎಚ್ಚರವೋ ಇಷ್ಟು ದೂರದಿಂದ ಹೇಳುವುದು ಕಷ್ಟ.

ಕರಡಕ್ಕ ಹತ್ತಿರ ಹೋಗಿ ನಿಂತು ಗಂಟಲು ಸರಿಮಾಡಿಕೊಂಡಳು.

“ಎದ್ದಿದ್ದೀನಿ, ಎದ್ದಿದ್ದೀನಿ” ಎನ್ನುತ್ತ ಟೋಕನಮ್ಮ ಪಕ್ಕದ ಬಾಗಿಲಿನ ಅಡ್ಡಹಲಗೆ ಎತ್ತಿ ಹಿಡಿದಳು. “ತಲೆ ಬಗ್ಗಿಸ್ಕೊಂಡು ಒಳಗೆ ಬನ್ನಿ, ತಾಗುತ್ತೆ.”